ಸಾಯೋದ್ರೊಳಗೊಂದು ಫ್ಲೂಕು

ಶಿವಮೊಗ್ಗದಲ್ಲಿ ರೇಸ್‌ಕೋರ್ಸ್ ಇಲ್ಲ, ಭದ್ರಾವತೀಲೂ ಇಲ್ಲ. ಆದ್ರೂ ಕುದುರೇನ ಹತ್ತಿರದಿಂದ ನೋಡದೇನೇ ಅದರ ಕೈಲಿ ಒದೆಸ್ಕೊಂಡಿರೋ ಜನ ಎರಡೂ ಊರಲ್ಲಿ ಬೇಕಾದಷ್ಟು ಸಿಗ್ತಾರೆ. ಅಂಥವರ ಮಧ್ಯೆ ಇದ್ರೆ ನಗು ಬರೋ ಅಂಥವು ಆಗ್ತಾನೇ ಇರ್ತವೆ. ಅಳೋ ಟೈಮಲ್ಲೇ ಜಾಸ್ತಿ ಆಗ್ತವೆ, ಅದೇ ತೊಂದ್ರೆ.

ನಮ್ಮದು ನಾಲ್ಕು ಜನರ ಗ್ಯಾಂಗು. ಲೀಡರು ನಮ್ಮ ಸೋದರಮಾವ, ವಾಸ ಭದ್ರಾವತಿ ಕಾಗದನಗರದ ಕ್ವಾರ್ಟರ್ಸಲ್ಲಿ. ಪೇಪರ್ ಮಿಲ್ ನಿಂತಮೇಲೆ ಕೆಲಸ ಇರ್ಲಿಲ್ಲ, ಆದ್ರೂ ಶಿಫ್ಟ್ ಟೈಮಿಗೆ ಸರಿಯಾಗಿ ಎದ್ದು, ಶೇವ್ ಮಾಡ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಯಾವ ಓಟಕ್ಕೆ ಯಾವ ಕುದುರೆ ಅನ್ನೋ ಪಟ್ಟಿ, ಅದೇ ರೇಸ್ ಕಾರ್ಡ್, ಓದಕ್ಕೆ ಕೂರೋರು. ಇನ್ನೊಬ್ರು ವೆಲ್ಡರ್ ಅಣ್ಣ. ತಮಿಳು ಕನ್ನಡ ಎರಡನ್ನೂ ಜೋಡ್ಸಿ ವೆಲ್ಡ್ ಮಾಡಿ ಮಾತಾಡ್ತಾರೆ, ಜಾಯಿಂಟ್ ಗೊತ್ತೇ ಆಗಲ್ಲ. ಮತ್ತೊಬ್ರು ಗಾಂಧಿ ಬಜಾರಲ್ಲಿ ಬಟ್ಟೆ ಅಂಗಡಿ ಇಟ್ಟಿರೋ ಸಾಬ್ರು, ಕನಸಲ್ಲಿ ಬಂದ ನಂಬರ್ ಆಡೋರು. ಕಡೇಗೆ ನಾನು. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು, ಆಮೇಲೆ ಬಿಡಕ್ಕೆ ಬೇರೇನೂ ಸಿಗದೆ ಇವರ ಜೊತೆ ಸೇರ್ಕೊಂಡೋನು.

ಎಲ್ಲಿ ಆಡ್ತೀರ, ಹೆಂಗೆ ಆಡ್ತೀರ ಅಂತ ಕೇಳ್ಬೇಡಿ. ನಮ್ಮತ್ತೆ ಕೇಳಿದ್ದಕ್ಕೇ ನಾವು ಹೇಳಿಲ್ಲ.

ತೂಕ

ಕುದುರೆ ರೇಸಲ್ಲಿ ಒಂದು ನ್ಯಾಯ ಇದೆ. ಚೆನ್ನಾಗಿ ಓಡೋ ಕುದುರೆ ಬೆನ್ನಿಗೆ ಜಾಸ್ತಿ ತೂಕ ಹೊರಿಸ್ತಾರೆ, ಸೋಮಾರಿ ಕುದುರೆಗೆ ಕಮ್ಮಿ. ಎಲ್ಲಾ ಹೆಚ್ಚುಕಮ್ಮಿ ಒಟ್ಟಿಗೆ ಬಂದು ಮುಟ್ಲಿ ಅಂತ. ಇದಕ್ಕೆ ಹ್ಯಾಂಡಿಕ್ಯಾಪ್ ಅಂತಾರೆ. ಈ ತೂಕದ ಲೆಕ್ಕ ಸರಿಯಾಗಿ ಓದೋನಿಗೆ ಗೆಲ್ಲೋ ಕುದುರೆ ಕಾಣತ್ತೆ ಅನ್ನೋದು ಮಾವನ ವೇದ.

ನನಗೆ ಮೊದಲ ಸಲ ಪಾಠ ಮಾಡ್ವಾಗ ಮನೆ ಜಗಲೀಲಿ ಕೂತಿದ್ವಿ. ಅತ್ತೆ ಅಂಗನವಾಡಿ ಟೀಚರು. ಆಗ್ತಾನೆ ಕೆಲಸದಿಂದ ಬಂದು, ನೀರು ಹಿಡಿದು, ಅಡುಗೆಗೆ ನಿಂತಿದ್ರು.

ಮಾವ ಹೇಳಿದ್ರು, "ನಮ್ಮನೇನೇ ತಗೋಳೋ. ಓಡೋಳು ನಿಮ್ಮತ್ತೆ. ಅದಕ್ಕೇ ಅವಳ ಬೆನ್ನಿಗೆ ಅರವತ್ತು ಕೆಜಿ. ನನ್ನ ಬೆನ್ನ ಮೇಲೆ ಏನೂ ಇಲ್ಲ. ಗೊತ್ತಾಯ್ತಾ?"

ಒಳಗಿಂದ ಅತ್ತೆ ಕೂಗಿದ್ರು, "ಆದ್ರೂ ನೀವು ಹಿಂದೇನೇ ಇದೀರಲ್ರೀ!"

ನಾನು ಕಾಲೇಜು ಬಿಟ್ಟಾಗ ಬುದ್ಧಿ ಹೇಳಕ್ಕೆ ಅಂತ ಅಪ್ಪ ನನ್ನನ್ನ ಇದೇ ಮಾವನ ಹತ್ರ ಎಳ್ಕೊಂಡು ಹೋಗಿದ್ರು. ಮಾವ ನನ್ನ ಮಾರ್ಕ್ಸ್ ಕಾರ್ಡ್ ತಗೊಂಡು ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದ್ರು. ಅಪ್ಪ ಆಸೆಯಿಂದ ಕಾಯ್ತಿದ್ರು.

"ಭಾವ, ಇವನದ್ದೇನೂ ತಪ್ಪಿಲ್ಲ. ಮೊದಲ ಸೆಮಿಸ್ಟರ್ ನೋಡಿ, ಮುಂದೆ ಇದಾನೆ. ಎರಡ್ನೇದ್ರಲ್ಲಿ ದಮ್ಮು ಹೋಗಿದೆ. ಇದು ಶಾರ್ಟ್ ಡಿಸ್ಟೆನ್ಸ್ ಕುದುರೆ. ನಾಲ್ಕು ವರ್ಷದ ಓಟಕ್ಕೆ ಹಾಕಿದ್ದೇ ನಿಮ್ಮ ತಪ್ಪು."

ಅಪ್ಪ ಕಾರ್ಡ್ ಕಿತ್ಕೊಂಡ್ರು. "ಹೋಗ್ಲಿ, ಇದನ್ನ ಈಗ ಏನ್ ಮಾಡ್ಲಿ ಹೇಳು?"

"ಓಡದೇ ಇರೋವನ್ನ ಮದ್ವೆ ಮೆರವಣಿಗೆಗೆ ಕೊಡ್ತಾರೆ ಭಾವ."

ಮೂಗು

ಮಾವನಿಗೆ ದುಡ್ಡಿನ ಆಸೆ ಇರ್ಲಿಲ್ಲ. ಇದ್ದಿದ್ರೆ ಫೇವರಿಟ್ ಆಡೋರು, ಅಂದ್ರೆ ಇದೇ ಗೆಲ್ಲತ್ತೆ ಅಂತ ಜನ ಮುಗಿಬೀಳೋ ಕುದುರೆ. ಮಾವನಿಗೆ ಬೇಕಾಗಿದ್ದು ಫ್ಲೂಕು. ಯಾರೂ ತಿರುಗಿ ನೋಡದ, ಎಲ್ರೂ ಬೇಡ ಅಂದ ಕುದುರೆ ಗೆಲ್ಬೇಕು. ಗೆಲ್ಲತ್ತೆ ಅಂತ ಇವರು ಮೊದ್ಲೇ ಹೇಳಿರ್ಬೇಕು.

"ಕಣ್ಮುಚ್ಚಿ ಆಡಿದ್ರೆ ಅದು ಲಾಟ್ರಿ. ಕಾರಣ ಹುಡುಕಿ ಆಡ್ಬೇಕು. ಸಾಯೋದ್ರೊಳಗೆ ಒಂದು ಫ್ಲೂಕು ಹೊಡೆದೇ ಹೊಡೀತೀನಿ, ನೋಡ್ತಿರು" ಅನ್ನೋರು. ಆಗ ಅವರಿಗೆ ಹಾರ್ಟಿನ ವಾಲ್ವ್ ಕೆಟ್ಟಿದೆ ಅಂತ ಡಾಕ್ಟ್ರು ಹೇಳಿ ಆಗಿತ್ತು. ಸಾಯೋದ್ರೊಳಗೆ ಅನ್ನೋದು ಬರೀ ಮಾತಾಗಿರ್ಲಿಲ್ಲ.

ಒಂದ್ಸಲ ಸಿಕ್ಕೇಬಿಡ್ತು. ಹೋದಲ್ಲೆಲ್ಲಾ ಕಡೇಗೆ ಬರ್ತಿದ್ದ ಒಂದು ಕುದುರೆ. ಮಾವ ಅದರ ಹಳೇ ಓಟದ ವೀಡಿಯೋ ಎಲ್ಲಾ ನನ್ನ ಫೋನಲ್ಲಿ ನೋಡಿದ್ರು. ಅರ್ಧ ದಾರಿ ತನಕ ಮುಂದೆ ಇರತ್ತೆ, ಆಮೇಲೆ ಕುಸಿಯತ್ತೆ. ಈ ಸಲ ಅದನ್ನ ಚಿಕ್ಕ ಓಟಕ್ಕೆ ಹಾಕಿದ್ರು, ತೂಕಾನೂ ಕಮ್ಮಿ.

"ಇದು ಕೆಟ್ಟ ಕುದುರೆ ಅಲ್ವೋ" ಅಂದ್ರು ಮಾವ. "ಬಸ್ ಸ್ಟ್ಯಾಂಡ್ ತನಕ ಹೋಗೋನನ್ನ ಇಷ್ಟು ದಿನ ಗಾಜನೂರಿಗೆ ನಡೆಸ್ತಿದ್ರು, ಅಷ್ಟೇ."

ನಾಲ್ಕೂ ಜನ ರೈಲು ಹತ್ತಿ ಬೆಂಗಳೂರಿಗೆ ಹೋದ್ವಿ. ಕುದುರೆ ಮಾವ ಹೇಳಿದಂಗೇ ಓಡ್ತು. ಮೊದಲಿಂದ ಮುಂದೆ. ಸಾಬ್ರು ನನ್ನ ಹೆಗಲ ಮೇಲೆ ಹತ್ತಕ್ಕೆ ನೋಡ್ತಿದ್ರು. ಕಡೇ ಘಳಿಗೇಲಿ ಫೇವರಿಟ್ ಬಂದು ಜೊತೆ ಸೇರ್ಕೊಳ್ತು. ಫೋಟೋ ತೆಗೆದು ನೋಡಿದ್ರು. ನಮ್ಮದು ಮೂಗಷ್ಟು ಹಿಂದೆ.

ವಾಪಸ್ ರೈಲಲ್ಲಿ ಬೀರೂರು ಬರೋತನಕ ಮಾವ ರೇಸ್ ಕಾರ್ಡನ್ನ ಬಿಚ್ಚೋದು ಮಡಚೋದು ಮಾಡ್ತಿದ್ರು. ಆಮೇಲೆ ನಿಧಾನಕ್ಕೆ ಹೇಳಿದ್ರು, "ತೂಕ ನೋಡಿದ್ದೆ. ದೂರ ನೋಡಿದ್ದೆ. ಜಾಕಿ ನೋಡಿದ್ದೆ. ಮೂಗು ನೋಡಿರ್ಲಿಲ್ಲ ಕಣೋ."

ಅವತ್ತಿಂದ ಅವರಿಗೆ ಮೂಗು ನೋಡೋದೇ ಒಂದು ಹುಚ್ಚಾಯ್ತು. ಪಕ್ಕದ ಕ್ವಾರ್ಟರ್ಸ್‌ನೋರು ಮಗಳಿಗೆ ಬಂದಿದ್ದ ಗಂಡಿನ ಫೋಟೋ ತೋರ್ಸಿ ಹೆಂಗಿದಾನೆ ಅಂತ ಕೇಳಿದ್ರು. ಹುಡುಗ ಬ್ಯಾಂಕಲ್ಲಿ ಕೆಲಸ, ಸ್ವಂತ ಮನೆ. ಮಾವ ಫೋಟೋನ ಪಕ್ಕಕ್ಕೆ ತಿರುಗ್ಸಿ ನೋಡಿ ವಾಪಸ್ ಕೊಟ್ರು.

"ಬೇಡ. ಕಡೇ ಘಳಿಗೇಲಿ ಸೋಲ್ತಾನೆ."

ಮೆರವಣಿಗೆ

ಮೊಬೈಲಲ್ಲಿ ನೋಡಿದ್ರೆ ಕುದುರೆ ಸ್ನಾಯು ಗೊತ್ತಾಗಲ್ಲ, ಜೀವಂತ ಕುದುರೆ ನೋಡಿ ಅಭ್ಯಾಸ ಮಾಡ್ಬೇಕು ಅಂತ ಮಾವ ಹಟ ಹಿಡಿದ್ರು. ನಮ್ಮೂರಲ್ಲಿ ಜೀವಂತ ಕುದುರೆ ಅಂದ್ರೆ ಮದ್ವೇದು. ಅದಕ್ಕೆ ಲಗ್ನದ ಸೀಸನ್ನಲ್ಲಿ ಗಾಂಧಿ ಬಜಾರಿನ ಸಾಬ್ರ ಅಂಗಡಿ ಮುಂದೆ ಸ್ಟೂಲ್ ಹಾಕ್ಕೊಂಡು ಕೂತ್ವಿ.

ಬಂತು ಒಂದು. ಮುಂದೆ ಬ್ಯಾಂಡು, ಹಿಂದೆ ಜನ, ಬೆನ್ನ ಮೇಲೆ ಗಂಡು. ಮಾವ ಎದ್ದು ಹೋಗಿ ಕುದುರೆ ಕಾಲು ಸವರಿದ್ರು, ಎದೆ ನೋಡಿದ್ರು, ಬಾಯಿ ತೆಗ್ಸಿ ಹಲ್ಲು ನೋಡಿದ್ರು. ಮೆರವಣಿಗೆ ನಿಂತ್ಬಿಡ್ತು. ಗಂಡಿನ ಅಪ್ಪ ಗಾಬರಿಯಿಂದ ಓಡಿ ಬಂದ್ರು.

"ಏನ್ ಸ್ವಾಮಿ, ಕುದುರೆಗೇನಾದ್ರೂ ಪ್ರಾಬ್ಲಮ್ಮಾ?"

"ಏನಿಲ್ಲ. ಕುದುರೆ ಚೆನ್ನಾಗಿದೆ" ಅಂದ್ರು ಮಾವ. ಆಮೇಲೆ ತಲೆ ಎತ್ತಿ ಮೇಲಿರೋ ಗಂಡನ್ನ ಒಂದ್ಸಲ ನೋಡಿದ್ರು. "ಸವಾರನೇ ಡೌಟು."

ವೆಲ್ಡರ್ ಅಣ್ಣ ಅಡ್ಡ ಹೋಗ್ಲಿಲ್ಲ ಅಂದಿದ್ರೆ ಅವತ್ತೇ ನಮ್ಮ ಮಾವನ ತಿಥಿ. ನನಗೂ ನಾಲ್ಕು ಬಿತ್ತು, ಸಾಬ್ರ ಸ್ಟೂಲ್ ಮುರೀತು.

ಮಳೆಗಾಲ ಶುರುವಾಗೋದ್ರೊಳಗೆ ಆ ಮೆರವಣಿಗೆ ಗಂಡನ್ನ ಕಟ್ಕೊಂಡ ಹುಡುಗಿ ತವರಿಗೆ ವಾಪಸ್ ಬಂದ್ಲು ಅಂತ ಸುದ್ದಿ ಬಂತು. ಹುಡುಗ ಬೆಳಿಗ್ಗೆಯಿಂದಾನೇ ಕುಡಿಯೋನಂತೆ. ಕೇಳಿ ನಮಗೆಲ್ಲಾ ಬೇಜಾರಾಯ್ತು. ಗೊತ್ತಿದ್ದೂ ನಿಲ್ಲಿಸಕ್ಕೆ ಆಗ್ಲಿಲ್ವಲ್ಲ ಅಂತ ಮಾವ ಅವತ್ತು ಊಟಾನೂ ಸರಿಯಾಗಿ ಮಾಡ್ಲಿಲ್ಲ. ಸಾಬ್ರು ಮಾತ್ರ ಹೊಸ ಸ್ಟೂಲ್ ಮೇಲೆ ಕೂತು ಹೇಳಿದ್ರು, "ಇವರು ಹೇಳಿದ್ದು ಕರೆಕ್ಟಾಗೋದು ಬರೀ ಆಡದೇ ಇರೋ ರೇಸಲ್ಲಿ ನೋಡಿ."

ವಾರ್ಡು

ಆಮೇಲೆ ಮಾವನಿಗೆ ಉಸಿರಾಡೋದೇ ಕಷ್ಟ ಆಯ್ತು. ಶಿವಮೊಗ್ಗದ ಒಂದು ಆಸ್ಪತ್ರೇಲಿ ಸೇರಿಸಿದ್ವಿ. ಅಷ್ಟೊತ್ತಿಗೆ ಮೈಯಲ್ಲಿ ಮಾಂಸ ಅನ್ನೋದೇ ಇರ್ಲಿಲ್ಲ.

ಮಲಗಿದಲ್ಲೇ ಮಲಗಿ ಬೇಜಾರಾಗಿ ವಾರ್ಡಿನ ಪೇಷೆಂಟುಗಳನ್ನ ಸ್ಟಡಿ ಮಾಡಕ್ಕೆ ಶುರು ಮಾಡಿದ್ರು. ಯಾರು ನಡೆದು ಮನೆಗೆ ಹೋಗ್ತಾರೆ, ಯಾರು ಹೊರಿಸ್ಕೊಂಡು. "ಕಿಟಕಿ ಪಕ್ಕದೋನು ನೋಡೋಕೆ ಗಟ್ಟಿ, ಆದ್ರೆ ಮೇವು ಬಿಟ್ಟಿದಾನೆ. ಮೇವು ಬಿಟ್ಟ ಕುದುರೆ ಓಡಲ್ಲ. ಆ ಬಾಗಿಲ ಹತ್ರದ ಮುದುಕ ದಿನಾ ನರ್ಸ್ ಜೊತೆ ಜಗಳ ಆಡ್ತಾನೆ. ಅವನು ಹೋಗ್ತಾನೆ ಮನೆಗೆ."

ಹಂಗೇ ಆಯ್ತು. ಇನ್ನೊಂದ್ಸಲಾನೂ ಹಂಗೇ ಆಯ್ತು. ಸುದ್ದಿ ಹಬ್ಬಿ, ರೌಂಡ್ಸ್ ಮುಗಿದ ತಕ್ಷಣ ಪೇಷೆಂಟ್ ಕಡೆಯೋರೆಲ್ಲಾ ಡಾಕ್ಟ್ರನ್ನ ಬಿಟ್ಟು ಮಾವನ ಮಂಚದ ಹತ್ರ ಬರೋರು. ಹೆಡ್ ನರ್ಸ್ ಬಂದು ಬೈದ್ರು. "ನೀವು ಪೇಷೆಂಟಾ, ಜ್ಯೋತಿಷಿನಾ?"

"ಎರಡೂ ಅಲ್ಲಮ್ಮ" ಅಂದ್ರು ಮಾವ. "ನಾನೂ ಇದೇ ರೇಸಲ್ಲಿ ಓಡ್ತಿರೋನು."

ಪಕ್ಕದ ಮಂಚದಲ್ಲಿ ಒಬ್ಬ ಲಾರಿ ಡ್ರೈವರು ಇದ್ದ. ಅವನ ಹೆಂಡ್ತಿ ಒಂದು ಮಧ್ಯಾಹ್ನ ಬಂದು, ಅಣ್ಣಾ, ನಮ್ಮೋರ್ದು ಹೆಂಗೆ ಅಂತ ಕೇಳಿದ್ಲು. ಆ ಡ್ರೈವರ್ ಅಷ್ಟೊತ್ತಿಗೆ ಕಣ್ಣು ಬಿಡೋದನ್ನೂ ನಿಲ್ಲಿಸಿದ್ದ. ಓಡೋ ತಾಕತ್ತು, ಅಂದ್ರೆ ಫಾರ್ಮ್ ವಿಷಯದಲ್ಲಿ ಯಾವತ್ತೂ ಸುಳ್ಳು ಹೇಳದ ನಮ್ಮ ಮಾವ ಅವಳ ಮುಖ ನೋಡಿ ಹೇಳಿದ್ರು, "ಫೇವರಿಟ್ಟು ಕಣಮ್ಮ. ಧೈರ್ಯವಾಗಿರು."

ಮಾರನೇ ದಿನ ನಾನು ಹೋಗೋಷ್ಟರಲ್ಲಿ ಆ ಮಂಚ ಖಾಲಿ. ಹಾಸಿಗೇನೂ ಮಡಚಿಟ್ಟಿದ್ರು.

ಮಾವ ಗೋಡೆ ಕಡೆ ತಿರುಗಿ ಹೇಳಿದ್ರು, "ಅದಕ್ಕೇ ಕಣೋ ನಾನು ಫೇವರಿಟ್ ಆಡದೇ ಇರೋದು."

ಜಾಕಿ

ಆಪರೇಷನ್ ಮಾಡಿದ್ರೆ ಉಳಿಯೋ ಚಾನ್ಸ್ ತೀರಾ ಕಮ್ಮಿ, ಮಾಡ್ದೇ ಇದ್ರೆ ಚಾನ್ಸೇ ಇಲ್ಲ ಅಂದ್ರು ಡಾಕ್ಟ್ರು. ಇಪ್ಪತ್ತಕ್ಕೊಂದು ಅಂತ ಇಟ್ಕೊಳ್ಳಿ. ಅತ್ತೆ ಅಳಕ್ಕೆ ಶುರು ಮಾಡಿದ್ರು. ಮಾವ ಎದ್ದು ಕೂತ್ರು. ಎಷ್ಟೋ ವಾರದಿಂದ ಅಂಥಾ ಕಳೆ ನಾನವರ ಮುಖದಲ್ಲಿ ನೋಡಿರ್ಲಿಲ್ಲ.

"ನೋಡೋ, ಇದು ಅದೇ! ತೂಕ ಇಳಿದಿದೆ. ಇಷ್ಟು ದಿನ ರೆಸ್ಟ್ ಸಿಕ್ಕಿದೆ. ನಾನು ಉಳೀತೀನಿ ಅಂತ ಯಾರೂ ಒಂದು ಪೈಸೆ ಆಡಲ್ಲ. ಇದೇ ಫ್ಲೂಕು!"

ಸರ್ಜನ್ ಬಂದಾಗ ಅವರನ್ನೂ ಬಿಡ್ಲಿಲ್ಲ.

"ಡಾಕ್ಟ್ರೆ, ನೀವು ಹೋದ ವಾರ ಎಷ್ಟು ಸವಾರಿ ಮಾಡಿದ್ರಿ?"

"ಸವಾರಿ?"

"ಆಪರೇಷನ್ನು."

"ಓ... ಎಂಟೋ ಒಂಬತ್ತೋ."

"ಗೆದ್ದಿದ್ದೆಷ್ಟು?"

ಅತ್ತೆ ಸೆರಗಿಂದ ಮುಖ ಮುಚ್ಕೊಂಡ್ರು. ಪಾಪ, ಸರ್ಜನ್ ಒಳ್ಳೆ ಮನುಷ್ಯ. ಮಂಚದ ತುದೀಲಿ ಕೂತು ಸಮಾಧಾನವಾಗಿ ಹೇಳಿದ್ರು, ಉಳಿದ್ರೂ ಮೊದಲಿನ ಹಂಗೆ ಆಗಲ್ಲ, ಮೆಟ್ಲು ಹತ್ತಂಗಿಲ್ಲ, ಭಾರ ಎತ್ತಂಗಿಲ್ಲ, ಹುಷಾರಾಗಿ ಇರ್ಬೇಕಾಗತ್ತೆ ಅಂತ.

ಮಾವ ಅವರ ಕೈ ಹಿಡ್ಕೊಂಡ್ರು. "ಡಾಕ್ಟ್ರೆ, ನನಗೆ ವಿನ್ನೇ ಬೇಕು ಅಂತಿಲ್ಲ. ಮೂರ್ನೇದಾಗಿ ಬಂದ್ರೂ ಸಾಕು."

ಆಪರೇಷನ್ ಮುಗಿದು ಸರ್ಜನ್ ಹೊರಗೆ ಬಂದು, ಚೆನ್ನಾಗಾಯ್ತು ಅಂದ್ರು. ನಮ್ಮ ಗ್ಯಾಂಗ್ ಬೆಂಚಿಂದ ಏಳ್ಲಿಲ್ಲ, ನಗ್ಲೂ ಇಲ್ಲ. ರೇಸಲ್ಲಿ ಕುದುರೆ ಗೆದ್ದ ತಕ್ಷಣ ಕುಣಿಯೋನು ಹೊಸಬ. ಅಡ್ಡ ಬಂದ ಅಂತ ಇನ್ನೊಬ್ಬ ಜಾಕಿ ಆಬ್ಜೆಕ್ಷನ್ ಹಾಕಿದ್ರೆ ಗೆದ್ದ ಕುದುರೇನೂ ಇಳಿಸ್ಬಿಡ್ತಾರೆ. ಅದಕ್ಕೆ ಹಳಬರು ಕಾಯ್ತಾರೆ. ಸರ್ಜನ್ ನನ್ನ ಪಕ್ಕಕ್ಕೆ ಕರೆದು, ಇವರಿಗೆಲ್ಲಾ ಪೇಷೆಂಟ್ ಮೇಲೆ ಕೋಪನಾ ಅಂತ ಕೇಳಿದ್ರು.

ಎರಡು ದಿನ ಮಾವ ಚೆನ್ನಾಗಿದ್ರು. ಗಂಜಿ ಕುಡಿದ್ರು. ಶನಿವಾರದ ಕಾರ್ಡ್ ಬಂತಾ ಅಂತ ಕೇಳಿದ್ರು. ಅದರ ಮಾರನೇ ಬೆಳಿಗ್ಗೆ ನಾನು ಕಾಫಿ ಫ್ಲಾಸ್ಕ್ ಹಿಡ್ಕೊಂಡು ಆಸ್ಪತ್ರೆಗೆ ಹೋದ್ರೆ ವೆಲ್ಡರ್ ಅಣ್ಣ ಗೇಟಲ್ಲೇ ನಿಂತಿದ್ರು. ಕಣ್ಣು ಕೆಂಪಗಿತ್ತು.

"ಆಬ್ಜೆಕ್ಷನ್ ಹಾಕ್ಬಿಟ್ರು ತಂಬಿ" ಅಂದ್ರು.

ಯಾರು ಅಂತ ಕೇಳ್ದೆ. ಅಣ್ಣ ಬೆರಳು ಮೇಲೆ ತೋರ್ಸಿದ್ರು. "ಅವರ ಹತ್ರ ಅಪೀಲಿಗೆ ಹೋಗೋದು ಹೆಂಗಪ್ಪಾ?"

ಲಗೇಜ್ ಗಾಡಿ

ಮಾವನಿಗೆ ಮಕ್ಕಳಿಲ್ಲ, ಬೆಂಕಿ ಇಡೋದು ನಾನೇ ಅಂತಾಯ್ತು. ಕಾಗದನಗರದಲ್ಲಿ ಬೆಳಿಗ್ಗೆಯಿಂದ ಮಳೆ ಹುಯ್ತಾನೇ ಇತ್ತು. ಸ್ಮಶಾನದಲ್ಲಿ ಶೀಟ್ ಹೊದೆಸಿರೋ ಜಾಗ ಒಂದೇ ಒಂದು. ಕಾವಲುಗಾರನಿಗೆ ಫೋನ್ ಮಾಡಿದ್ರೆ ಅವನು, "ಬೇಗ ಬನ್ನಿ ಸ್ವಾಮಿ, ಇನ್ನೊಂದೂ ಹೊರಟಿದೆಯಂತೆ. ಮೊದ್ಲು ಬಂದೋರಿಗೆ ಶೀಟು. ಎರಡನೇಯೋರು ಸಂಜೆ ತನಕ ಕಾಯ್ಬೇಕು, ಇಲ್ಲಾಂದ್ರೆ ಮಳೇಲೇ ಸುಡ್ಬೇಕು" ಅಂದ.

ಆ ಇನ್ನೊಂದು ಅಂದ್ರೆ ಅಡಿಕೆ ಮಂಡಿ ಸಾಹುಕಾರ್ರು. ಆನೆ ಹಂಗಿದ್ರು. ಗಾಜಿನ ಪೆಟ್ಟಿಗೆ ಇರೋ ಹೊಸ ವ್ಯಾನು, ಹಿಂದೆ ಕಾರುಗಳು, ಮುಂದೆ ತಮಟೆ. ನಮ್ಮದು ವೆಲ್ಡರ್ ಅಣ್ಣ ಗ್ಯಾಸ್ ಸಿಲಿಂಡರ್ ಸಾಗಿಸೋ ಲಗೇಜ್ ಗಾಡಿ, ಮೇಲೊಂದು ಟಾರ್ಪಾಲು. ಹಿಂದೆ ಮಾವನ ಚಟ್ಟ. ಅದು ಜಾರದಂಗೆ ವೆಲ್ಡರ್ ಅಣ್ಣ ಕಾಲು ಹಿಡ್ಕೊಂಡು ಕೂತ್ರು. ನಾನು ಬೆಂಕಿ ಮಡಕೆ ತೊಡೆ ಮಧ್ಯ ಇಟ್ಕೊಂಡಿದ್ದೆ. ಸಾಬ್ರು ಕೊಡೆ ಬಿಚ್ಚಿ ಮಡಕೆಗೆ ಹಿಡಿದಿದ್ರು, ನನಗಲ್ಲ. ಮುಂದೆ ಡ್ರೈವರ್ ಪಕ್ಕ ಅತ್ತೆ. ಹೆಂಗಸ್ರು ಸ್ಮಶಾನಕ್ಕೆ ಬರಬಾರದು ಅಂತ ಯಾರೋ ಅಂದ್ರು. "ಅವರು ಎಲ್ಲಿಗೆ ಹೋದ್ರೂ ನನಗೆ ಹೇಳ್ದೇ ಹೋಗಿದಾರೆ. ಇವತ್ತು ನಾನೇ ಬಿಟ್ಟು ಬರ್ತೀನಿ" ಅಂತ ಅತ್ತೆ ಹತ್ತಿ ಕೂತೇಬಿಟ್ರು.

ಮುಖ್ಯ ರಸ್ತೆಗೆ ಬಂದಾಗ ದೂರದಲ್ಲಿ ಆ ವ್ಯಾನು ಕಾಣಿಸ್ತು. ಆಗ್ಲೇ ನಮಗಿಂತ ಮುಂದಿತ್ತು. ನನಗೆ ಗೊತ್ತಾಯ್ತು, ಮೂರು ತಲೇಲೂ ಒಂದೇ ಲೆಕ್ಕ ಓಡ್ತಿದೆ.

ವೆಲ್ಡರ್ ಅಣ್ಣ ಮೊದ್ಲು ಬಾಯಿ ಬಿಟ್ರು. "ಅವರದ್ದು ಟಾಪ್ ವೆಯ್ಟು. ನಮ್ಮಣ್ಣ ನಲವತ್ತು ಕೇಜಿ ಇದ್ರೆ ಜಾಸ್ತಿ."

"ನೆಲ ಕೆಸರು" ಅಂದ್ರು ಸಾಬ್ರು. "ಭಾರದ ಗಾಡಿಗೆ ಆಗಲ್ಲ."

"ಪ್ರತಿ ಸರ್ಕಲಲ್ಲೂ ಹಾರ ಹಾಕಿಸ್ಕೊಳಕ್ಕೆ ನಿಲ್ತಾರೆ" ಅಂದೆ ನಾನು. "ಖಾಲಿ ಕ್ವಾರ್ಟರ್ಸ್ ಹಿಂದೆ ಒಂದು ಒಳದಾರಿ ಇದೆ."

ಡ್ರೈವರ್ ಕೇಳಿದ್ದೇ ತಡ, ಒಳಗೆ ತಿರುಗಿಸ್ದ. ಗುಂಡಿಗೊಂದ್ಸಲ ಮಾವ ಎಗರ್ತಿದ್ರು, ಅವರ ಮೇಲೆ ವೆಲ್ಡರ್ ಅಣ್ಣ ಬೀಳ್ತಿದ್ರು, ಮಡಕೆ ಕೆಂಡ ನನ್ನ ಪಂಚೆಗೆ ಹಾರ್ತಿತ್ತು. ಅತ್ತೆ ಹಿಂದಕ್ಕೆ ತಿರುಗಿ ಕಿರುಚಿದ್ರು, "ನಿಧಾನ ಕಣ್ರೋ! ಅವರಿಗೆ ಹಾರ್ಟ್ ಪ್ರಾಬ್ಲಂ ಇದೆ!"

ಅಂದಮೇಲೆ ಅವರಿಗೇ ಗೊತ್ತಾಯ್ತು. ಅತ್ತೆ ಮುಂದೆ ತಿರುಗಿ, ಸೆರಗು ಸೊಂಟಕ್ಕೆ ಸಿಗಿಸ್ಕೊಂಡು, "ಸರಿ, ಹೋಗ್ಲಿ, ಓಡ್ಸಪ್ಪಾ" ಅಂದ್ರು.

ಸ್ಮಶಾನದ ಮಣ್ಣುದಾರಿ ಶುರುವಾಗೋ ಕಡೆ ಎರಡೂ ಗಾಡಿ ಒಟ್ಟಿಗೆ ಬಂದ್ವು. ಗಾಜಿನ ವ್ಯಾನಿನೋನು ಹಾರನ್ ಹೊಡೀತಾ ಪಕ್ಕಕ್ಕೆ ನುಗ್ಗಿದ. ಸಾಹುಕಾರ್ರು ಗಾಜಿನೊಳಗೆ, ಮೂಗಿಗೆ ಹತ್ತಿ ಇಟ್ಕೊಂಡು, ನಮ್ಮ ಜೊತೆಜೊತೇಲೇ ಬರ್ತಿದ್ರು. ಸಾಬ್ರು ಕೊಡೆ ಬಿಸಾಕಿ ಎದ್ದು ನಿಂತ್ರು. ಅತ್ತೆ ಕನ್ನಡೀಲಿ ನೋಡಿ ಕೂಗಿದ್ರು, "ಬಲಗಡೆಯಿಂದ ಬರ್ತಿದಾನೆ! ಜಾಗ ಬಿಡ್ಬೇಡ! ಒತ್ತು! ಒತ್ತು!"

ಗೇಟಿಗೆ ಇನ್ನೊಂದಿಷ್ಟು ದೂರ ಇದೆ ಅನ್ನುವಾಗ ವ್ಯಾನಿನ ಹಿಂದಿನ ಚಕ್ರ ಕೆಸರಲ್ಲಿ ಹೂತ್ಕೊಳ್ತು. ನಮ್ಮ ಗಾಡಿ ತೇಲ್ಕೊಂಡು ಹೋಗಿ ಶೀಟಿನ ಕೆಳಗೆ ನಿಂತ್ಕೊಳ್ತು.

ಸಾಹುಕಾರ್ರ ಮಗ ಕೆಸರು ತುಳ್ಕೊಂಡು ಓಡಿ ಬಂದ. "ಮಾನ ಮರ್ಯಾದೆ ಇದ್ಯೇನ್ರೀ ನಿಮಗೆ? ಹೆಣ ಹಾಕ್ಕೊಂಡು ರೇಸ್ ಬಿಡ್ತೀರಾ?"

ಸಾಬ್ರು ಅವನ ಹೆಗಲ ಮೇಲೆ ಕೈ ಇಟ್ರು. "ಬೇಜಾರ್ ಮಾಡ್ಕೋಬೇಡ ಬೇಟಾ. ನಿಮ್ಮಪ್ಪಾನೂ ಚೆನ್ನಾಗೇ ಓಡಿದ್ರು. ವೆಯ್ಟ್ ಜಾಸ್ತಿ ಆಯ್ತು, ಅಷ್ಟೇ."

ಆ ಹುಡುಗ ಅಲ್ಲೇ ಕೂತು ಅಳಕ್ಕೆ ಶುರು ಮಾಡ್ದ. ವೆಲ್ಡರ್ ಅಣ್ಣ ಹೋಗಿ ಅವರ ವ್ಯಾನು ತಳ್ಳಿ ಕೊಟ್ಟು ಬಂದ್ರು. ಶೀಟಿನ ಕೆಳಗೆ ಸೌದೆ ಒಣಗೇ ಇತ್ತು. ಮಾವನ್ನ ಮಲಗಿಸಿದ್ವಿ. ನಾನು ಬೆಂಕಿ ಇಟ್ಟೆ. ಹತ್ಕೊಳ್ತು.

ಸ್ವಲ್ಪ ಹೊತ್ತಾದ್ಮೇಲೆ ವೆಲ್ಡರ್ ಅಣ್ಣ ಮೂಗು ಒರೆಸ್ಕೊಂಡು ಹೇಳಿದ್ರು, "ಏನು ಸುಖ ತಂಬಿ. ಇಷ್ಟು ವರ್ಷಕ್ಕೆ ಒಂದು ಫ್ಲೂಕು ಬಂತು. ನಮ್ಮಲ್ಲಿ ಒಬ್ರೂ ಆಡಿರ್ಲಿಲ್ಲ."

"ನಾನು ಆಡಿದ್ದೆ" ಅಂದ್ರು ಅತ್ತೆ.

ಎಲ್ರೂ ತಿರುಗಿ ನೋಡಿದ್ವಿ. ಅತ್ತೆ ಮಳೇಲಿ ಪೂರ್ತಿ ನೆಂದು, ಉರೀತಿರೋ ಬೆಂಕಿ ಕಡೇನೇ ನೋಡ್ತಾ ನಿಂತಿದ್ರು.

"ಮದ್ವೆ ಆಗುವಾಗ ನಮ್ಮನೇಲಿ ಎಲ್ರೂ ಬೇಡ ಅಂದ್ರು. ನಮ್ಮಪ್ಪ ಊಟ ಬಿಟ್ಟು ಕೂತ್ರು. ನಾನೊಬ್ಳೇ ಕಣ್ರೋ ಈ ಕುದುರೆ ಮೇಲೆ ಆಡಿದ್ದು" ಅಂದ್ರು. ಆಮೇಲೆ ಸೆರಗಲ್ಲಿ ಮುಖ ಒರೆಸ್ಕೊಂಡು, "ಬಡ್ಡೀಮಗಂದು, ಗೆಲ್ಲಕ್ಕೆ ಇಷ್ಟು ಹೊತ್ತು ಮಾಡ್ತು ನೋಡಿ" ಅಂದ್ರು.